ಹುಬ್ಬಳ್ಳಿಯಲ್ಲಿ ಮನೆ ಮಾಡೆಲ್ ಮಾಡಿಸಿದೆವು: 1:50 ಯಾಕೆ ಬೇಕಾಯ್ತು ಅಂದರೆ

ಧಾರವಾಡದ ನಮ್ಮ 30×40 ಅಡಿ ಸೈಟಿಗೆ ಪ್ಲಾನ್ ರೆಡಿ ಇತ್ತು. ಆದರೆ ಅವ್ವನಿಗೆ ಆ ಗೆರೆಗಳಲ್ಲಿ ಮನೆ ಕಾಣುತ್ತಿರಲಿಲ್ಲ. ಹಾಗಾಗಿ ವಿದ್ಯಾನಗರದ ಕಡೆ, ಕಾಲೇಜು ಹುಡುಗರಿಗೆ ಮಾಡೆಲ್ ಮಾಡಿಕೊಡುವ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ.

1:100, ಅಂದರೆ ನಿಜವಾದ ಅಳತೆಯ ನೂರರಲ್ಲಿ ಒಂದು ಪಾಲಿನ ಮಾಡೆಲ್ ಸಾಕು, ಖರ್ಚು ಕಡಿಮೆ ಅಂದೆ. "ಯಾರು ನೋಡೋರ್ರಿ ಇದನ್ನ?" ಅಂತ ವರ್ಕ್‌ಶಾಪಿನವರು ಕೇಳಿದರು. ಅವ್ವ ಅಂದ ಕೂಡಲೇ ಒಂದು ಪೋಸ್ಟ್ ಕಾರ್ಡ್ ತೆಗೆದು ಮುಂದಿಟ್ಟರು. 1:100ರಲ್ಲಿ ಇಡೀ ಸೈಟು ಇದಕ್ಕಿಂತ ಗಿಡ್ಡ, 9 ಸೆಂಟಿಮೀಟರಿಗೆ 12, ಇದರೊಳಗೆ ಅವರಿಗೆ ಅಡುಗೆ ಮನೆ ಎಲ್ಲಿ ಕಾಣಬೇಕು ಅಂದರು. ನಿಜ ಅಲ್ವಾ?

1:50 ಅಂದರೆ ರೇಟು ದುಪ್ಪಟ್ಟು ಅಂದುಕೊಂಡಿದ್ದೆ. ಅವರು ಥರ್ಮಾಕೋಲಿನ ಎಂಟು ಸಣ್ಣ ತುಂಡುಗಳನ್ನು ಜೋಡಿಸಿ ಒಂದು ದೊಡ್ಡ ತುಂಡು ಮಾಡಿ ತೋರಿಸಿದರು. ಉದ್ದ, ಅಗಲ, ಎತ್ತರ ಮೂರೂ ದುಪ್ಪಟ್ಟಾದರೆ ಹಾಳೆ ನಾಲ್ಕು ಪಟ್ಟು ಬೇಕು, ಗಾತ್ರ ಎಂಟು ಪಟ್ಟಾಗುತ್ತೆ. ಇನ್ನೊಂದು ಮಾತು ಗೋಡೆಯದು. 9 ಇಂಚಿನ ಗೋಡೆ 1:50ರಲ್ಲಿ 4.6 ಮಿಲಿಮೀಟರ್, 5 ಮಿಲಿಮೀಟರ್ ಫೋಮ್ ಬೋರ್ಡ್ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತೆ. ಅದೇ ಬೋರ್ಡಿನಲ್ಲಿ 1:100 ಮಾಡಿದರೆ ಗೋಡೆ ಅರ್ಧ ಮೀಟರ್ ದಪ್ಪ ಆದ ಹಾಗೆ, ಕೋಣೆಯ ಜಾಗವನ್ನೆಲ್ಲ ಗೋಡೆಯೇ ತಿಂದುಬಿಡುತ್ತೆ.

ಮಾಡೆಲ್ ಮಾತ್ರ ತುಂಬಾ ಚೆನ್ನಾಗಿ ಬಂತು. ಮೇಲಿನ ಛತ್ತು ಎತ್ತಿ ಒಳಗೆ ನೋಡಬಹುದು. ಅವ್ವನ ಎತ್ತರಕ್ಕೆ 3.2 ಸೆಂಟಿಮೀಟರಿನ ಒಂದು ರಟ್ಟಿನ ಗೊಂಬೆ ಕತ್ತರಿಸಿ ಪಡಸಾಲೆಯಲ್ಲಿ ನಿಲ್ಲಿಸಿದ್ದರು. ಅವ್ವ ಬಗ್ಗಿ, ಬಾಗಿಲಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದಳು. "ಛತ್ತು ತಲಿ ಮ್ಯಾಲೇ ಕುಂತಂಗ ಐತಲ್ಲೋ" ಅಂದಳು. ಪ್ಲಾನಿನಲ್ಲಿ ಇದ್ದದ್ದು 10 ಅಡಿ. ಅವರು ಸುಮ್ನೆ 12 ಮಿಲಿಮೀಟರಿನ ಒಂದು ಪಟ್ಟಿ ಗೋಡೆಯ ಮೇಲಿಟ್ಟು ಛತ್ತನ್ನು ಮತ್ತೆ ಕೂರಿಸಿದರು, ಅಂದರೆ 2 ಅಡಿ ಜಾಸ್ತಿ. ಪಡಸಾಲೆಗೆ ಉಸಿರು ಬಂದ ಹಾಗಾಯ್ತು. ನೆಲದ ಅಳತೆ ಒಂದಿಂಚೂ ಬದಲಾಗಿರಲಿಲ್ಲ! ಮರುದಿನವೇ ಎಂಜಿನಿಯರಿಗೆ ಹೇಳಿ ಪಡಸಾಲೆಯನ್ನು 12 ಅಡಿ ಮಾಡಿಸಿದೆವು.

ತಪ್ಪೂ ಇದೆ. ಮನೆ ಮುಂದಿನ ಬೇವಿನ ಮರಕ್ಕೆ ಅಂಗಡಿಯಲ್ಲಿದ್ದ 4 ಸೆಂಟಿಮೀಟರಿನ ರೆಡಿಮೇಡ್ ಗಿಡ ಅಂಟಿಸಿದ್ದರು. ಲೆಕ್ಕ ಹಾಕಿದರೆ ಅದು ಬರೀ 2 ಮೀಟರ್ ಆಯ್ತು. ನಮ್ಮ ಬೇವು ಇರುವುದು ಸುಮಾರು 25 ಅಡಿ, 15 ಸೆಂಟಿಮೀಟರ್ ಇರಬೇಕಿತ್ತು. ಮರ ಗಿಡ್ಡ ಆದರೆ ಮನೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತೆ, ನೋಡುವವರಿಗೆ ಮೋಸ ಆಗುತ್ತೆ. ಹೇಳಿದ ಮೇಲೆ ತಂತಿ ಸುತ್ತಿ ಹೊಸ ಮರ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಕೆಲಸ ನಾಲ್ಕು ದಿನ ತಡವೂ ಆಯ್ತು.

ನೀವು ಹೋಗುವುದಾದರೆ ಬರೀ ಪ್ಲಾನ್ ಒಯ್ಯಬೇಡಿ, ಎತ್ತರಗಳಿರುವ ಸೆಕ್ಷನ್ ಡ್ರಾಯಿಂಗೂ ಇರಲಿ. ಮಾಡೆಲ್ ಇಟ್ಟು ತರಲು ಡಬ್ಬಿಯನ್ನೂ ಮನೆಯಿಂದಲೇ ತೆಗೆದುಕೊಂಡು ಹೋಗಿ. ನಾನು ಚಿಗರಿ ಬಸ್ಸಿನಲ್ಲಿ ಧಾರವಾಡದ ತನಕ ಮಾಡೆಲನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ, ಬೇವಿನ ಮರಕ್ಕೆ ಒಂದು ಕೈ ಅಡ್ಡ ಹಿಡಿದು.