ಡಪ್ ಮ್ಯಾನ್ ಪೇಜ್: ಕರ್ನಲ್‌ನ ಗಡಿಯವರೆಗೆ ನಿಖರ

ಲಿನಕ್ಸ್ ಟರ್ಮಿನಲ್‌ನಲ್ಲಿ ‘ಮ್ಯಾನ್ 2 ಡಪ್’ ಎಂದು ಟೈಪ್ ಮಾಡಿದರೆ ತೆರೆದುಕೊಳ್ಳುವ ಕೈಪಿಡಿ ಪುಟವು (ಮ್ಯಾನ್ ಪೇಜ್) ಫೈಲ್ ಡಿಸ್ಕ್ರಿಪ್ಟರ್‌ಗಳನ್ನು (ತೆರೆದ ಫೈಲ್‌ಗಳನ್ನು ಗುರುತಿಸುವ ಸಂಖ್ಯೆಗಳನ್ನು) ನಕಲು ಮಾಡುವ ಡಪ್, ಡಪ್2 ಮತ್ತು ಡಪ್3 ಎಂಬ ಮೂರು ಸಿಸ್ಟಮ್ ಕಾಲ್‌ಗಳನ್ನು, ಅಂದರೆ ಪ್ರೋಗ್ರಾಂ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಮಾಡುವ ಕರೆಗಳನ್ನು, ಒಟ್ಟಿಗೇ ವಿವರಿಸುತ್ತದೆ. ಇಲ್ಲಿ ನಕಲಾಗುವುದು ಫೈಲ್ ಅಲ್ಲ. ಹಳೆಯ ಮತ್ತು ಹೊಸ ಡಿಸ್ಕ್ರಿಪ್ಟರ್‌ಗಳೆರಡೂ ಕರ್ನಲ್‌ನೊಳಗಿನ ಒಂದೇ ದಾಖಲೆಯನ್ನು ಸೂಚಿಸುವುದರಿಂದ, ಒಂದರಲ್ಲಿ ಎಲ್‌ಸೀಕ್ ಮಾಡಿದರೆ (ಓದು-ಬರಹದ ಸ್ಥಾನ ಬದಲಿಸಿದರೆ) ಇನ್ನೊಂದರ ಸ್ಥಾನವೂ ಸರಿಯುತ್ತದೆ, ಆದರೆ ಕ್ಲೋಸ್-ಆನ್-ಎಕ್ಸೆಕ್ ಫ್ಲ್ಯಾಗ್ (ಬೇರೆ ಪ್ರೋಗ್ರಾಂ ಚಾಲೂ ಮಾಡುವಾಗ ಡಿಸ್ಕ್ರಿಪ್ಟರ್ ಮುಚ್ಚಬೇಕೆ ಎಂಬ ಗುರುತು) ಮಾತ್ರ ಎರಡಕ್ಕೂ ಬೇರೆಬೇರೆಯಾಗಿರುತ್ತದೆ. ಇಷ್ಟನ್ನು ಪುಟವು ಕೆಲವೇ ಸಾಲುಗಳಲ್ಲಿ, ಗೊಂದಲಕ್ಕೆ ಎಡೆಗೊಡದೆ ಹೇಳಿ ಮುಗಿಸುತ್ತದೆ. ಎರಡೂ ಆರ್ಗ್ಯುಮೆಂಟ್‌ಗಳು ಒಂದೇ ಆಗಿದ್ದರೆ ಡಪ್2 ಏನೂ ಮಾಡದೆ ಅದೇ ಸಂಖ್ಯೆಯನ್ನು ಮರಳಿಸುತ್ತದೆ, ಲಿನಕ್ಸ್ 2.6.27ರಲ್ಲಿ ಬಂದ ಡಪ್3 ದೋಷ ವರದಿ ಮಾಡುತ್ತದೆ ಎಂಬ ವ್ಯತ್ಯಾಸವನ್ನೂ ಅದು ಬಿಟ್ಟಿಲ್ಲ.

ನನ್ನ ದೃಷ್ಟಿಯಲ್ಲಿ ಪುಟದ ನಿಜವಾದ ಬೆಲೆ ಇರುವುದು, ಬಹಳಷ್ಟು ಜನ ಓದದೇ ಬಿಡುವ ಕೊನೆಯ ಟಿಪ್ಪಣಿಗಳಲ್ಲಿ. ಡಪ್2ಗೆ ಕೊಟ್ಟ ಹೊಸ ಸಂಖ್ಯೆಯು ಮೊದಲೇ ತೆರೆದಿದ್ದರೆ ಕರ್ನಲ್ ಅದನ್ನು ಸದ್ದಿಲ್ಲದೆ ಮುಚ್ಚುತ್ತದೆ. ಹಾಗೆ ಮುಚ್ಚುವಾಗ ಬರಬಹುದಾದ ದೋಷ ನಮ್ಮ ಕೈಗೆ ಸಿಗುವುದೇ ಇಲ್ಲ. ಎನ್‌ಎಫ್‌ಎಸ್‌ನಂತಹ ನೆಟ್‌ವರ್ಕ್ ಫೈಲ್ ವ್ಯವಸ್ಥೆಗಳಲ್ಲಿ ಬರವಣಿಗೆಯ ವೈಫಲ್ಯ ಎಷ್ಟೋ ವೇಳೆ ಕ್ಲೋಸ್ ಮಾಡುವಾಗಲೇ ಬಯಲಾಗುವುದರಿಂದ ಇದು ಸಣ್ಣ ಸಂಗತಿಯಲ್ಲ. ಮುಚ್ಚಿಹೋಗಲಿರುವ ಡಿಸ್ಕ್ರಿಪ್ಟರ್ ಅನ್ನು ಮೊದಲು ಡಪ್ ಮಾಡಿಟ್ಟುಕೊಂಡು, ಡಪ್2 ಆದ ಮೇಲೆ ಆ ಪ್ರತಿಯನ್ನು ತಾವೇ ಮುಚ್ಚಿ ದೋಷವನ್ನು ಪರೀಕ್ಷಿಸುವ ಉಪಾಯವನ್ನು ಪುಟವು ಕೋಡ್ ಸಹಿತ ಕೊಡುತ್ತದೆ.

ಆದರೆ ಈ ನಿಖರತೆ ಕರ್ನಲ್‌ನ ಗಡಿಯಲ್ಲೇ ನಿಂತುಬಿಡುತ್ತದೆ. ಸಿ ಪ್ರೋಗ್ರಾಮರ್ ಪೇಚಿಗೆ ಸಿಲುಕುವುದು ಆ ಗಡಿಯ ಈಚೆಗೆ. ಪ್ರಿಂಟ್‌ಎಫ್‌ನಿಂದ ಹೊಸ ಸಾಲಿನ ಗುರುತಿಲ್ಲದ ಒಂದು ಪದವನ್ನು ಮುದ್ರಿಸಿ, ಬೆನ್ನಿಗೇ ಡಪ್2 ಮೂಲಕ 1ನೇ ಡಿಸ್ಕ್ರಿಪ್ಟರ್ ಅನ್ನು (ಸಾಮಾನ್ಯ ಔಟ್‌ಪುಟ್) ಫೈಲ್‌ಗೆ ತಿರುಗಿಸಿದರೆ, ಪ್ರೋಗ್ರಾಂನ ಬಫರ್‌ನಲ್ಲೇ (ತಾತ್ಕಾಲಿಕ ಸಂಗ್ರಹದಲ್ಲೇ) ಉಳಿದಿದ್ದ ಆ ಪದ ಪರದೆಯ ಬದಲು ಫೈಲ್‌ಗೆ ಹೋಗಿ ಬೀಳುತ್ತದೆ. ಮೊದಲು ಎಫ್‌ಫ್ಲಶ್ ಮಾಡಿ ಬಫರ್ ಖಾಲಿ ಮಾಡಬೇಕೆಂಬ ಒಂದು ಸಾಲು ಇಲ್ಲಿ ಇರಬೇಕಿತ್ತು. ಪೈಪ್‌ನ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಸಾಗಿಸುವ ಕೊಳವೆಯ) ಬರೆಯುವ ತುದಿಯನ್ನು ನಕಲು ಮಾಡಿದವರು ಅದರ ಎಲ್ಲ ಪ್ರತಿಗಳನ್ನೂ ಮುಚ್ಚದಿದ್ದರೆ ಓದುವ ಪ್ರೋಗ್ರಾಂ ಫೈಲ್ ಅಂತ್ಯವನ್ನು ಕಾಣದೆ ಕಾಯುತ್ತಲೇ ಇರುತ್ತದೆ. ಅದಕ್ಕಾಗಿ 7ನೇ ವಿಭಾಗದ ಪೈಪ್ ಪುಟವನ್ನು ತೆರೆಯಬೇಕು. ಅನುಭವಿಗಳಿಗೆ ಈ ಪುಟವೊಂದೇ ಸಾಕು. ಹೊಸದಾಗಿ ಶೆಲ್ (ಟರ್ಮಿನಲ್‌ನ ಆದೇಶಗಳನ್ನು ನಡೆಸುವ ಪ್ರೋಗ್ರಾಂ) ಬರೆಯಲು ಹೊರಟವರು ಪೈಪ್ ಮತ್ತು ಎಫ್‌ಫ್ಲಶ್ ಪುಟಗಳನ್ನೂ ಜೊತೆಗಿಟ್ಟುಕೊಂಡು ಓದುವುದು ಒಳ್ಳೆಯದು.