ಬಿಯರ್ ಕಂಪನಿಗಳ ಹಳೆಯ ಷೇರು ಪತ್ರಗಳು: ಮಾರಾಟಗಾರರೊಬ್ಬರ ಸೇವೆ ಹೇಗಿದೆ?

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಜರ್ಮನ್ನರು ಮಿಲ್ವಾಕಿ, ಸೇಂಟ್ ಲೂಯಿಸ್, ಸಿನ್ಸಿನಾಟಿ ಮುಂತಾದ ನಗರಗಳಲ್ಲಿ ಕಟ್ಟಿದ ಬಿಯರ್ ಕಂಪನಿಗಳ ಷೇರು ಪತ್ರಗಳನ್ನು ಮಾರುವ ಅಲ್ಲಿನ ವ್ಯಾಪಾರಿಯೊಬ್ಬರಿಂದ ನಾನು ಕೆಲವನ್ನು ತರಿಸಿಕೊಂಡಿದ್ದೇನೆ. ಪತ್ರಗಳ ಸ್ಥಿತಿ ಚೆನ್ನಾಗಿದೆ. ಲೋಹದ ಫಲಕದಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರಗಳ ಗೆರೆಗಳು ಬೆರಳಿಗೆ ಸ್ವಲ್ಪ ಉಬ್ಬಾಗಿ ತಾಕುತ್ತವೆ. ಇಂಥ ಪತ್ರದ ಕಲರ್ ಜೆರಾಕ್ಸ್‌ನಲ್ಲಿ ಆ ಉಬ್ಬು ಸಿಗದು.

ಈ ವ್ಯಾಪಾರಿಯ ದೊಡ್ಡ ಗುಣವೆಂದರೆ ಕಾಲವನ್ನು ಸರಿಯಾಗಿ ವಿಂಗಡಿಸುವುದು. 1920ರಿಂದ 1933ರವರೆಗೆ ಜಾರಿಯಲ್ಲಿದ್ದ ಪಾನನಿಷೇಧದಿಂದ ಅನೇಕ ಕಂಪನಿಗಳು ಮುಚ್ಚಿಹೋದವು, ಉಳಿದವು ತಂಪು ಪಾನೀಯ, ಮಾಲ್ಟ್ ಸಿರಪ್‌ಗಳನ್ನು ಮಾರಿ ಜೀವ ಹಿಡಿದುಕೊಂಡವು. ನಿಷೇಧ ತೆರವಾದ ಮೇಲೆ ಬಂಡವಾಳಕ್ಕಾಗಿ ಸಾರ್ವಜನಿಕರಿಗೆ ಷೇರು ಮಾರಿದ ಕಂಪನಿಗಳ ಪತ್ರಗಳು ಇಂದು ಹೆಚ್ಚು ಸುಲಭವಾಗಿ ಸಿಗುತ್ತವೆ. ಅದಕ್ಕೂ ಹಿಂದೆ ಹಲವು ಕಂಪನಿಗಳ ಷೇರುಗಳು ಸ್ಥಾಪಕರ ಮನೆತನದೊಳಗೇ ಇರುತ್ತಿದ್ದುದರಿಂದ ಆ ಕಾಲದ ಪತ್ರಗಳು ವಿರಳ, ಸಹಜವಾಗಿಯೇ ದುಬಾರಿ. ಸ್ಥಾಪಕರ ಸ್ವಹಸ್ತಾಕ್ಷರವಿದ್ದರಂತೂ ಬೆಲೆ ಇನ್ನೂ ಏರುತ್ತದೆ.

ಕೊರತೆಯೂ ಇದೆ. ರದ್ದುಪಡಿಸುವಾಗ ಹೊಡೆದ ರಂಧ್ರಗಳನ್ನೂ ಮಡಿಕೆಗಳನ್ನೂ ವಿವರಣೆಯಲ್ಲಿ ತಿಳಿಸುವ ಇವರು ಪತ್ರದ ಹಿಂಬದಿಯ ಚಿತ್ರವನ್ನು ಕೇಳಿದರೆ ಮಾತ್ರ ಕಳುಹಿಸುತ್ತಾರೆ. ಷೇರು ಯಾರಿಂದ ಯಾರಿಗೆ ವರ್ಗವಾಯಿತೆಂಬ ಬರಹ ಇರುವುದೇ ಅಲ್ಲಿ, ಸಂಗ್ರಾಹಕನಿಗೆ (ನನ್ನಂಥವನಿಗಾದರೂ) ಮುಂಬದಿಯ ಚಿತ್ರದಷ್ಟೇ ಅದೂ ಮುಖ್ಯ. ಗಟ್ಟಿ ರಟ್ಟಿನ ನಡುವೆ, ಆಮ್ಲರಹಿತ ಹೊದಿಕೆಯಲ್ಲಿ ಬಂದ ಪತ್ರಗಳ ಅಂಚು ಎಲ್ಲಿಯೂ ಮುದುಡಿರಲಿಲ್ಲ. ಹಿಂಬದಿಯ ಚಿತ್ರವನ್ನು ಮೊದಲೇ ಕೇಳಿ ಪಡೆಯುವುದಾದರೆ ಇವರಲ್ಲಿ ನಿಶ್ಚಿಂತೆಯಿಂದ ಕೊಳ್ಳಬಹುದು.