ಮುತ್ತಜ್ಜನ ಗ್ರಾಮೊಫೋನನ್ನು ಗುರುತಿಸಲು ಸ್ಕ್ಯಾನರೇ ಮೇಲು

ಹಳೆಯ ಫೋಟೊದಲ್ಲಿರುವ ಗ್ರಾಮೊಫೋನು ಯಾವುದೆಂದು ತಿಳಿಯಬೇಕಾದರೆ ಮೂಲ ಪ್ರತಿಯನ್ನು ಹಿಡಿದುಕೊಂಡು ಹತ್ತಿರದ ಡಿಟಿಪಿ ಅಂಗಡಿಗೆ ಹೋಗಿ, ಸ್ಕ್ಯಾನ್ ಮಾಡಿಸಿ. ಮೊಬೈಲ್, ಸ್ಟುಡಿಯೊ, ಹಳೆ ಸಾಮಾನಿನ ವ್ಯಾಪಾರಿ ಎಲ್ಲವನ್ನೂ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಫೋಟೊ ಬಳ್ಳಾರಿಯ ಬ್ರೂಸ್‌ಪೇಟೆಯ ಮನೆಯದು. ಮುತ್ತಜ್ಜ ಕುರ್ಚಿಯಲ್ಲಿ ಕುಳಿತಿದ್ದಾರೆ, ಪಕ್ಕದ ಸ್ಟೂಲಿನ ಮೇಲೆ ದೊಡ್ಡ ಕಹಳೆಯ ಗ್ರಾಮೊಫೋನಿದೆ. ಹಿಂಬದಿಯ ರಟ್ಟಿನ ಮೇಲೆ ಮದರಾಸು ಪ್ರೆಸಿಡೆನ್ಸಿ ಎಂಬ ಮುದ್ರೆಯಿದೆ. ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ಫೋಟೊ ಅದಕ್ಕಿಂತ ಹಳೆಯದು. ಆ ಗ್ರಾಮೊಫೋನು ಯಾವಾಗಲೋ ಮನೆಯಿಂದ ಹೋಗಿದೆ. ಅಂಥದ್ದೇ ಒಂದನ್ನು ಅಪ್ಪನಿಗೆ ಕೊಡಿಸಬೇಕೆಂಬುದು ನನ್ನ ಆಸೆ.

ಮೊಬೈಲಿನ ಚಿತ್ರ ಹುಡುಕಾಟಕ್ಕೆ ಕಾಸು ಖರ್ಚಿಲ್ಲ. ಅದು ಕಹಳೆಯನ್ನು ಕಂಡು ‘ಗ್ರಾಮೊಫೋನು’ ಎಂದಿತು, ಆಮೇಲೆ ಅಲಂಕಾರಕ್ಕೆಂದು ಮಾರುವ ಹಿತ್ತಾಳೆ ಕಹಳೆಗಳನ್ನು ಸಾಲಾಗಿ ತೋರಿಸಿತು. ಅಷ್ಟೇ.

ನನ್ನ ತಾಳ್ಮೆ ಕೆಡಿಸಿದ್ದು ಸ್ಟುಡಿಯೊ. ದೊಡ್ಡಪ್ಪನ ಮಗ 1,500 ರೂಪಾಯಿ ಕೊಟ್ಟು ಫೋಟೊವನ್ನು ಹೊಸದಾಗಿಸಿ ತಂದ. ನೋಡಿದವರೆಲ್ಲ ಮೆಚ್ಚಿದರು. ಮುತ್ತಜ್ಜನ ರುಮಾಲಿನ ಮಡಿಕೆಗಳು ನಿನ್ನೆ ತೆಗೆದ ಚಿತ್ರದಂತೆ ಎದ್ದು ಕಾಣುತ್ತಿದ್ದವು. ಆದರೆ ಗ್ರಾಮೊಫೋನಿನ ಮೇಲೆ ಭೂತಗನ್ನಡಿ ಇಟ್ಟಾಗ ಎದೆ ಧಸಕ್ಕೆಂದಿತು. ಮೂಲದಲ್ಲಿ ಕಹಳೆಯ ಎಸಳುಗಳು ಕೂಡುವ ಏಣುಗಳು ಮಸುಕಾಗಿಯಾದರೂ ಒಂದೊಂದಾಗಿ ಎಣಿಸಲು ಸಿಗುತ್ತವೆ. ಹೊಸ ಚಿತ್ರದಲ್ಲಿ ಎರಡು ಏಣು ಒಂದಾಗಿದ್ದವು, ಬಾಯಂಚಿನಲ್ಲಿ ಇಲ್ಲದ ಸುರುಳಿ ಮೂಡಿತ್ತು. ಸೂಜಿ ಹಿಡಿಯುವ ಸೌಂಡ್‌ಬಾಕ್ಸ್ ಹೂವಿನ ಕೆತ್ತನೆಯ ಗುಂಡಿಯಾಗಿತ್ತು. ಪೆಟ್ಟಿಗೆಯ ಮುಂದಿನ ಬಿಳಿ ಕಲೆಯ ಜಾಗದಲ್ಲಿ ಯಾವ ಭಾಷೆಗೂ ಸೇರದ ಅಕ್ಷರಗಳಿದ್ದವು!

ಸ್ಟುಡಿಯೊದವರು ಬಳಸುವ ಇಂಥ ತಂತ್ರಾಂಶ ಮಸುಕನ್ನು ತೆಗೆದು ಅಡಿಯಲ್ಲಿರುವುದನ್ನು ತೋರಿಸುವುದಿಲ್ಲ. ತಾನು ಕಲಿತ ಸಾವಿರಾರು ಚಿತ್ರಗಳ ಅಂದಾಜಿನಲ್ಲಿ ಖಾಲಿ ಜಾಗವನ್ನು ತುಂಬುತ್ತದೆ. ಮುಖಕ್ಕೆ ಅದು ಒಪ್ಪಬಹುದು, ಯಂತ್ರವನ್ನು ಗುರುತಿಸುವವನಿಗೆ ಸಾಕ್ಷಿಯನ್ನೇ ಅಳಿಸಿದ ಹಾಗೆ. ಸಾಲದ್ದಕ್ಕೆ ಬಣ್ಣವನ್ನೂ ಹಚ್ಚಿದ್ದರು, ಕಹಳೆ ಪೂರ್ತಿ ಬಂಗಾರದ ಬಣ್ಣ. ಆ ಕಾಲದಲ್ಲಿ ಫಿಲ್ಮಿನ ಬದಲು ಬಳಸುತ್ತಿದ್ದ ಅನೇಕ ಗಾಜಿನ ಫೋಟೊ ಫಲಕಗಳಿಗೆ ಕೆಂಪು ಬೆಳಕು ತಟ್ಟುತ್ತಲೇ ಇರಲಿಲ್ಲ. ಅವುಗಳಲ್ಲಿ ಕೆಂಪು ಬಳಿದ ಕಹಳೆಯೂ ಕಪ್ಪಾಗಿಯೇ ಮೂಡುತ್ತದೆ. ನಮ್ಮ ಫೋಟೊದ ಕಪ್ಪು ಕಹಳೆ ಕೆಂಪೋ ಹಸಿರೋ ಕಪ್ಪೋ ಎಂದು ಬಣ್ಣದ ಮೇಲೆ ಯಾರೂ ಹೇಳಲಾಗದು. ಅದಕ್ಕೆ ಬಂಗಾರದ ನೀರು ಕುಡಿಸಿದ್ದು ಯಾವ ಆಧಾರದ ಮೇಲೆ? ಕೇಳಿದರೆ, ‘ಗ್ರಾಮೊಫೋನು ಹಾಗೇ ಇರುತ್ತದಲ್ಲ ಸಾರ್’ ಎಂಬ ಉತ್ತರ ಬಂತು.

ಇನ್ನು ಸ್ಕ್ಯಾನರ್. 1200 ಡಿಪಿಐ (ಅಂಗುಲಕ್ಕೆ 1200 ಚುಕ್ಕೆ), ಟಿಫ್ ಕಡತ (ವಿವರ ಕಳೆಯದೆ ಚಿತ್ರ ಉಳಿಸುವ ಬಗೆ), ಯಾವ ತಿದ್ದುಪಡಿಯೂ ಬೇಡ ಎಂದು ಮೊದಲೇ ಹೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊದಂತೆ ಕಳುಹಿಸಿಕೊಂಡರೆ ಅದು ಕಡತವನ್ನು ಕುಗ್ಗಿಸಿಬಿಡುತ್ತದೆ, ಪೆನ್‌ಡ್ರೈವ್‌ನಲ್ಲೇ ತನ್ನಿ. ಫೋಟೊ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಚಿತ್ರವೇ ಕಿತ್ತು ಬರುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. ದೊಡ್ಡ ಫಲಕದಿಂದ ನೇರವಾಗಿ ಅಚ್ಚೊತ್ತಿದ ಹಳೆಯ ಪ್ರತಿಗಳಲ್ಲಿ ನಮ್ಮ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ವಿವರ ಅಡಗಿರುತ್ತದೆ.

ನನಗೆ ಸಿಕ್ಕಿದ್ದು ಕಹಳೆಯ ಬುಡದಿಂದ ಸೂಜಿಯ ಕಡೆಗೆ ಬರುವ ಕೊಳವೆ. ಕಹಳೆಯ ಕಡೆ ದಪ್ಪಗಿದ್ದು ಸೌಂಡ್‌ಬಾಕ್ಸ್ ಕಡೆಗೆ ಸಣ್ಣಗಾಗುತ್ತ ಬರುತ್ತದೆ. ಮೊದಮೊದಲ ಯಂತ್ರಗಳಲ್ಲಿ ಕಹಳೆ ನೇರವಾಗಿ ಸೌಂಡ್‌ಬಾಕ್ಸಿಗೇ ಕೂಡಿರುತ್ತಿತ್ತು, ಪ್ಲೇಟು, ಅಂದರೆ ರೆಕಾರ್ಡು, ತಿರುಗಿದಂತೆ ಇಡೀ ಕಹಳೆಯೇ ಸರಿಯಬೇಕಿತ್ತು. 1903ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ ಈ ಸಣ್ಣಗಾಗುತ್ತ ಬರುವ ಕೊಳವೆಯನ್ನು ತಂದ ಮೇಲೆ ಕಹಳೆ ಪೆಟ್ಟಿಗೆಯ ಹಿಂಬದಿಯ ಕಬ್ಬಿಣದ ತೋಳಿನ ಮೇಲೆ ನಿಂತಿತು, ಕೊಳವೆಯಷ್ಟೇ ಸರಿಯತೊಡಗಿತು. ನಮ್ಮದರಲ್ಲಿ ಆ ತೋಳೂ ಸ್ಪಷ್ಟವಾಗಿದೆ. ಸೌಂಡ್‌ಬಾಕ್ಸಿನ ನಡುವೆ ಹೊಳೆಯುವ ಬಿಲ್ಲೆ ಕಾಗೆ ಬಂಗಾರದ್ದೆಂದೇ ನನ್ನ ಅಂದಾಜು.

ಅಳತೆಗೆ ಪ್ಲೇಟೇ ಸಾಕು. ಹತ್ತು ಅಂಗುಲದ ರೆಕಾರ್ಡು ಸುಮಾರು 25 ಸೆಂಟಿಮೀಟರ್. ಓರೆಯಾಗಿ ಕಂಡಾಗ ಅದು ಮೊಟ್ಟೆಯಾಕಾರವಾದರೂ ಅದರ ಅತಿ ಹೆಚ್ಚಿನ ಅಗಲ ಹೆಚ್ಚುಕಡಿಮೆ ನಿಜವಾದ ಅಗಲವೇ. ಅದರಿಂದ ಪೆಟ್ಟಿಗೆಯ ಅಳತೆ ಲೆಕ್ಕಕ್ಕೆ ಬರುತ್ತದೆ. ಕೀಲಿ ಕೊಡುವ ಹಿಡಿ ಎಡಗಡೆ ಕಂಡರೆ ಫೋಟೊ ತಿರುಗುಮುರುಗಾಗಿ ಅಚ್ಚಾಗಿರಬಹುದು, ಗಂಡಸರ ಕೋಟಿನ ಗುಂಡಿ ಯಾವ ಬದಿಗಿದೆ ಎಂದು ನೋಡಿಕೊಳ್ಳಿ.

ವ್ಯಾಪಾರಿಯ ಬಳಿ ಹೋದಾಗ ಈ ಸ್ಕ್ಯಾನೇ ಕಾಪಾಡಿತು. ಎಂಟು ಮೂಲೆಯ ಪೆಟ್ಟಿಗೆ, ಥಳಥಳಿಸುವ ಹಿತ್ತಾಳೆ ಕಹಳೆ, ಮುಂದೆ ಎಚ್‌ಎಂವಿ ಕಂಪನಿಯ ನಾಯಿ ಗುರುತಿನ ತಗಡು. ‘ನಿಮ್ಮ ಫೋಟೊದಲ್ಲಿರುವುದು ಇದೇ’ ಎಂದು 9,000 ರೂಪಾಯಿ ಹೇಳಿದರು. ಅದರ ಕೊಳವೆ ತುದಿಯಿಂದ ತುದಿಗೆ ಒಂದೇ ದಪ್ಪ, ಹಿಂದೆ ಕಬ್ಬಿಣದ ತೋಳೇ ಇಲ್ಲ. ಹಳೆಯ ಪೆಟ್ಟಿಗೆಯ ಮೋಟಾರು ಕಿತ್ತು ಹೊಸ ಪೆಟ್ಟಿಗೆಗೆ ಕೂರಿಸಿ ಎಚ್‌ಎಂವಿ ತಗಡು ಬಡಿದ ಇಂಥವು ನಮ್ಮ ದೇಶದಲ್ಲಿ ಬೇಕಾದಷ್ಟು ಮಾರಾಟಕ್ಕಿವೆ. ವ್ಯಾಪಾರಿಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕೈಯಲ್ಲಿ ಮುಟ್ಟಿ, ಕೀಲಿ ಕೊಟ್ಟು, ಸದ್ದು ಕೇಳಲು ಸಿಗುವುದು ಅಲ್ಲಿ ಮಾತ್ರ. ಆದರೆ ಗುರುತಿಸುವ ಕೆಲಸವನ್ನು ಮಾರುವವರ ಕೈಗೆ ಕೊಡಬಾರದು.

ಕಂಪನಿಯ ಹೆಸರು ಇನ್ನೂ ಪಕ್ಕಾ ಆಗಿಲ್ಲ, ಆ ಬಿಳಿ ಕಲೆ ಕಲೆಯಾಗಿಯೇ ಉಳಿದಿದೆ. ಖರೀದಿಗೆ ನಾನು ಎತ್ತಿಟ್ಟಿರುವುದು 25,000 ರೂಪಾಯಿ. ಯಾರೇ ಮಾರಲು ಬಂದರೂ ಮೊದಲು ಕೊಳವೆಯನ್ನು ಪಕ್ಕದಿಂದ ತೆಗೆದ ಚಿತ್ರ, ಆಮೇಲೆ ಹಿಂದಿನ ತೋಳಿನ ಚಿತ್ರ ಕಳುಹಿಸಿ ಎನ್ನುತ್ತೇನೆ. ಅವೆರಡೂ ಸ್ಕ್ಯಾನಿಗೆ ಹೊಂದಿದರೆ ಮಾತ್ರ ಬೆಲೆಯ ಮಾತು.